ಹುಳ ಮುಟ್ಟಿದ ಹೊತ್ತು ಕೇಳುವ ಮಿಲ್ಟ್ರಿ ಮಾದಮ್ಮ

ಬೆಳಗಿನ ಮಂಜು ಇನ್ನೂ ರಾಗಿ ಮೆದೆಗಳ ಮೇಲೆ ಕೂತಿದೆ. ಹನೂರು ತಾಲ್ಲೂಕಿನ ಹೂಗ್ಯಂನಿಂದ ಆಚೆಗೆ, ಕಾಡು ಶುರುವಾಗುವ ಕಡೆ ಇರುವ ಪುಟ್ಟ ಆರೋಗ್ಯ ಕೇಂದ್ರದ ಗೇಟಿನ ಹತ್ತಿರ ಹೆಂಗಸೊಬ್ಬರು ಟಾರ್ಚ್ ಹಿಡಿದು ಹುಣಸೆ ಮರದ ತಗ್ಗು ಕೊಂಬೆಗಳನ್ನು ಒಂದೊಂದಾಗಿ ತಡಕುತ್ತಿದ್ದಾರೆ. ಹುಣಸೆ ಬಡಿಯುವ ಕಾಲ ಇದಲ್ಲ. ಅವರು ಹುಡುಕುತ್ತಿರುವುದು ದಾರ. ಅರಿಶಿನ ಮೆತ್ತಿದ, ಮೂರೆಳೆ ಹೊಸೆದ ನೂಲಿನ ದಾರ. ಸಿಕ್ಕಿದ ಎರಡನ್ನು ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಮಣಿಕಟ್ಟಿನ ಗಡಿಯಾರಕ್ಕೆ ಟಾರ್ಚ್ ಬಿಟ್ಟು, ತಮಗೆ ತಾವೇ ಹೇಳಿಕೊಳ್ಳುತ್ತಾರೆ: "ಸೊನ್ನೆ ಐದು ಐವತ್ತೈದು. ಮರ ಖಾಲಿ."

ದಾರದ ಕಥೆ ಇಷ್ಟು. ಈ ಸುತ್ತಿನ ಊರುಗಳಲ್ಲಿ ಹಾವು ಕಚ್ಚಿದರೆ ಮೊದಲು ಹೋಗುವುದು ನಾಟಿ ಮದ್ದಿನವರ ಮನೆಗೆ. ಅವರು ಬೇರು ಅರೆದು ಕೊಟ್ಟು, ಕಚ್ಚಿದ ಜಾಗದಿಂದ ಮೇಲಕ್ಕೆ ಅರಿಶಿನದ ದಾರ ಬಿಗಿದು ಕಳಿಸುತ್ತಾರೆ. ಆಮೇಲೂ ಮನಸ್ಸು ತಡೆಯದೆ ಆಸ್ಪತ್ರೆಗೆ ಬರುವವರು, ಒಬ್ಬರ ಮದ್ದಿನ ಮೇಲೆ ಇನ್ನೊಬ್ಬರ ಮದ್ದು ಬೀಳಬಾರದೆಂದು, ದಾರವನ್ನು ಗೇಟಿನ ಮರಕ್ಕೆ ಕಟ್ಟಿ ಒಳಗೆ ಬರುತ್ತಾರೆ. ಒಳಗೆ ಬಂದ ಮೇಲೆ ಅದರ ಸುದ್ದಿ ಎತ್ತುವುದಿಲ್ಲ. ಅದಕ್ಕೇ ಈ ಹೆಂಗಸು ದಿನಾ ಬೆಳಿಗ್ಗೆ ಹಳೆಯ ದಾರಗಳನ್ನೆಲ್ಲ ಬಿಚ್ಚಿಡುತ್ತಾರೆ. ಮರ ಖಾಲಿ ಇದ್ದರೆ, ಆಮೇಲೆ ಕಂಡ ದಾರ ಇವತ್ತಿನದೇ.

ಇವರ ಹೆಸರು ಚಿಕ್ಕಮಾದಮ್ಮ. ವಯಸ್ಸು ಐವತ್ತೆರಡು. ಓದಿದ್ದು ನಾಲ್ಕನೇ ಕ್ಲಾಸು. ಹತ್ತೊಂಬತ್ತು ವರ್ಷದಿಂದ ಹೊರಗುತ್ತಿಗೆ ಮೇಲೆ ಇಲ್ಲಿ ಅಟೆಂಡರ್. ಕಸ ಗುಡಿಸುವುದು, ನೆಲ ಒರೆಸುವುದು, ಬಾಣಂತಿಯರಿಗೆ ನೀರು ಕಾಯಿಸುವುದು, ಬಂದವರ ಹೆಸರನ್ನೂ ಹೊತ್ತನ್ನೂ ರಿಜಿಸ್ಟರಿಗೆ ಏರಿಸುವುದು ಇವರ ಕೆಲಸ. ಊರಿನವರ ಬಾಯಲ್ಲಿ ಇವರು ಮಿಲ್ಟ್ರಿ ಮಾದಮ್ಮ. ಇವರ ಮನೆತನದಲ್ಲಿ ಯಾರೂ ಸೈನ್ಯದ ಕಡೆ ತಲೆ ಹಾಕಿ ಮಲಗಿದವರಲ್ಲ. ಆದರೂ ಆ ಹೆಸರು ಬಂದದ್ದು ಅವರು ಹೊತ್ತು ಹೇಳುವ ರೀತಿಯಿಂದ. ಸಂಜೆ ನಾಲ್ಕೂ ನಲವತ್ತಕ್ಕೆ ಅವರ ಬಾಯಲ್ಲಿ "ಹದಿನಾರು ನಲವತ್ತು". ಬೆಳಿಗ್ಗೆ ಆರಕ್ಕೆ "ಸೊನ್ನೆ ಆರು ಸೊನ್ನೆ ಸೊನ್ನೆ". ಟೀ ಅಂಗಡಿಯವರು ಬೇಕೆಂದೇ ಎಷ್ಟೊತ್ತಾಯ್ತು ಎಂದು ಕೇಳಿ, ಉತ್ತರ ಬಂದ ಕೂಡಲೇ ಸೆಲ್ಯೂಟ್ ಹೊಡೆಯುತ್ತಾರೆ. ಕುಂತೂರಿಗೆ ಕೊಟ್ಟ ಮಗಳು ದೀಪ ಕೂಡ ಬಿಡುವುದಿಲ್ಲ. ಹಬ್ಬಕ್ಕೆ ಎಷ್ಟೊತ್ತಿಗೆ ಬರುತ್ತೀ ಎಂದು ಫೋನಿನಲ್ಲಿ ಕೇಳಿದರೆ, "ಹದಿನೆಂಟು ಮೂವತ್ತಕ್ಕೆ ಕಣವ್ವ, ಬಂದೂಕ ತರ್ಬೇಕಾ?" ಅನ್ನುತ್ತಾಳೆ.

ಚಿಕ್ಕಮಾದಮ್ಮ ನಗುತ್ತಾರೆ. "ನಗ್ಲಿ ಬುಡಿ ಸಾ. ಸೊನ್ನೆ ಬುಟ್ರೆ ಬೆಳಿಗ್ಗೆನೇ ಬುಟ್ಟಂಗೆ. ಬರೀ ಐದೂವರೆ ಅಂತ ಚೀಟಿ ಬರ್ದು ಕಳಿಸುದ್ರೆ, ಕೊಳ್ಳೇಗಾಲದೋರು ಅದ ಕೋಳಿ ಕೂಗೋ ಐದೂವರೆ ಅನ್ಕಬೇಕಾ, ದನ ಬರೋ ಐದೂವರೆ ಅನ್ಕಬೇಕಾ? ಮಧ್ಯದಲ್ಲಿ ಒಂದು ಅಗಲೇ ಓಯ್ತದೆ. ಜೀವ ಅಷ್ಟೊತ್ತು ಕಾಯ್ತದಾ?"

ಕಳೆದ ವರ್ಷ ಈ ಕೇಂದ್ರಕ್ಕೆ ಹಾವು ಕಚ್ಚಿಸಿಕೊಂಡು ಬಂದವರು ನಲವತ್ತೊಂದು ಜನ. ಅಷ್ಟೂ ಜನರ ಹೊತ್ತು ಇವರ ಕೈಬರಹದಲ್ಲಿದೆ. ಕೊಳ್ಳೇಗಾಲ ಇಲ್ಲಿಂದ ಒಂದೂವರೆ ಗಂಟೆಗೂ ಮೀರಿದ ದಾರಿ. ರಾಮಾಪುರ, ಅಜ್ಜೀಪುರ, ಹನೂರು ದಾಟಬೇಕು. ಇಲ್ಲಿರುವುದು ಒಬ್ಬ ವೈದ್ಯೆ, ಒಂದು ಗಾಡಿ, ವಿಷಕ್ಕೆ ಏರಿಸುವ ಮದ್ದಿನ ಹತ್ತು ಸೀಸೆ. ಉಸಿರಾಡಿಸುವ ಯಂತ್ರ ಇಲ್ಲ. ಹೀಗಿರುವಾಗ ಬಂದವರನ್ನು ಇಲ್ಲೇ ಇಟ್ಟುಕೊಳ್ಳಬೇಕೋ, ಗಾಡಿ ಹತ್ತಿಸಬೇಕೋ ಎಂಬುದು ಒಂದೇ ಪ್ರಶ್ನೆಯ ಮೇಲೆ ನಿಂತಿರುತ್ತದೆ. ಕಚ್ಚಿದ್ದು ಯಾವಾಗ?

ಕಳೆದ ತಿಂಗಳ ಒಂದು ಮಂಗಳವಾರ ಮರ ಖಾಲಿ ಮಾಡಿ ಒಂದು ಗಂಟೆಯೂ ಆಗಿರುವುದಿಲ್ಲ. ಸೊನ್ನೆ ಆರು ಐವತ್ತೆರಡಕ್ಕೆ ಬೈಕೊಂದು ಗೇಟಿನ ಒಳಕ್ಕೆ ನುಗ್ಗುತ್ತದೆ. ಓಡಿಸುತ್ತಿರುವವನು ಪಕ್ಕದ ಊರಿನ ಮಾದು. ಹಿಂದೆ ಕೂತವಳು ಅವನ ಹೆಂಡತಿ ಲಕ್ಷ್ಮಿದೇವಿ. ಇಪ್ಪತ್ತಾರು ವರ್ಷದವಳು. ಮನೆಯಲ್ಲಿ ಎದೆಹಾಲು ಕುಡಿಯುವ ಕೂಸಿದೆ. ಬೈಕಿನಿಂದ ತಾನೇ ಇಳಿದು, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನಡೆದೇ ಒಳಗೆ ಬರುತ್ತಾಳೆ.

"ಉಳ ಮುಟ್ತು ಕಣವ್ವ," ಅನ್ನುತ್ತಾನೆ ಮಾದು. ಇಲ್ಲಿ ಯಾರೂ ಹಾವು ಕಚ್ಚಿತು ಅನ್ನುವುದಿಲ್ಲ. ಹೆಸರು ಹಿಡಿದರೆ ಅದು ಮನೆಗೆ ಬರುತ್ತದಂತೆ.

"ಯಾವೊತ್ನಲ್ಲಪ್ಪ?"

"ಈಗ್ಲೇ ಕಣವ್ವ. ಆರೂವರೇಲಿ. ಮುಟ್ಟಿದೇಟ್ಗೆ ಬೈಕ್ ಮೇಲೆ ಕೂರಿಸ್ಕಂಡು ಬಂದ್ಬುಟ್ಟೆ."

ಡಾಕ್ಟರ್ ಶೃತಿ ಓಡಿ ಬರುತ್ತಾರೆ. ಯಳಂದೂರಿನವರು, ಬಂದು ಎರಡು ವರ್ಷ ಆಗಿದೆ. ಲಕ್ಷ್ಮಿದೇವಿಯ ಬಲಗೈ ಹಿಂಬದಿಯಲ್ಲಿ ಎರಡು ಚುಕ್ಕೆ. ಸುತ್ತ ಸ್ವಲ್ಪ ಊತ. ಮಾತು ಸ್ಪಷ್ಟ, ಉಸಿರು ಸರಾಗ, ಕಣ್ಣು ಚುರುಕು. ವಿಷ ಏರಿದ ಲಕ್ಷಣ ಒಂದೂ ಇಲ್ಲ. ಲಕ್ಷಣ ಇಲ್ಲದೆ ಮದ್ದು ಏರಿಸುವಂತಿಲ್ಲ, ಒಮ್ಮೊಮ್ಮೆ ಆ ಮದ್ದೇ ಮೈಗೆ ಒಗ್ಗದೆ ಜೀವಕ್ಕೆ ಮುಳುವಾಗುತ್ತದೆ. ಕಚ್ಚಿ ಇಪ್ಪತ್ತು ನಿಮಿಷ ಆಗಿದೆ ಅಂದರೆ ಲೆಕ್ಕ ಸರಳ. ಈಗಲೇ ಹೊರಟರೆ ವಿಷ ತಲೆ ಎತ್ತುವ ಮೊದಲು ಕೊಳ್ಳೇಗಾಲ ಸೇರಬಹುದು. ಡ್ರೈವರ್ ಮಹದೇವಪ್ರಸಾದ್ ಆಗಲೇ ಗಾಡಿ ಸ್ಟಾರ್ಟ್ ಮಾಡಿ, ಹಿಂದಿನ ಬಾಗಿಲು ತೆಗೆದು ನಿಂತಿದ್ದಾರೆ.

ರವಿಕೆಯ ತೋಳನ್ನು ಮೇಲಕ್ಕೆ ಸರಿಸುವಾಗ ಚಿಕ್ಕಮಾದಮ್ಮನ ಕೈ ನಿಲ್ಲುತ್ತದೆ. ಮೊಣಕೈಯಿಂದ ಎರಡು ಬೆರಳು ಮೇಲೆ, ತೋಳಿನ ಸುತ್ತ ಒಂದು ಗೆರೆ. ಬಿಗಿ ಬಳೆ ತೆಗೆದ ಮೇಲೆ ಉಳಿಯುವಂಥ, ಒಳಕ್ಕೆ ಕಚ್ಚಿದ ಗೆರೆ. ಅವರು ಹೊರಗೆ ಹೋಗುತ್ತಾರೆ. ಹುಣಸೆ ಮರದಲ್ಲಿ, ಗಂಡಸಿನ ಭುಜದೆತ್ತರದ ಕೊಂಬೆಗೆ ಒಂದು ದಾರ. ಇನ್ನೂ ಒದ್ದೆ, ಬೆರಳಿಗೆ ಅರಿಶಿನ ಹತ್ತುತ್ತದೆ.

ಒಳಗೆ ಬಂದವರು ದಾರವನ್ನು ಮುಷ್ಟಿಯಲ್ಲಿ ಹಿಡಿದೇ ಮಾದುವನ್ನು ಕೇಳುತ್ತಾರೆ, "ಇದು ನಿಮ್ದಾ ಮಗ?"

"ನಮ್ದಲ್ಲ ಕಣವ್ವ. ಯಾರ್ದೋ ಏನೋ." ಅವನ ಹಣೆಯಲ್ಲಿ, ಆ ಚಳಿಯಲ್ಲಿ, ಬೆವರು ಒಡೆದಿದೆ.

"ಚಿಕ್ಕಮಾದಮ್ಮ, ಹತ್ತಿಸೋಣ. ಟೈಮ್ ಹೋಗ್ತಾ ಇದೆ," ಅನ್ನುತ್ತಾರೆ ಡಾಕ್ಟರ್.

"ಮೇಡಂ, ನಿಮ್ ಕೈ ಮುಗೀತೀನಿ. ಎರಡು ನಿಮಿಸ ಕೊಡಿ."

ಒಬ್ಬ ಅಟೆಂಡರ್ ವೈದ್ಯರನ್ನು ತಡೆಯುವುದು ಸಣ್ಣ ಮಾತಲ್ಲ. ತಡೆದದ್ದು ತಪ್ಪಾದರೆ ಕೆಲಸ ಹೋಗುವುದಿರಲಿ, ಹೋದ ಎರಡು ನಿಮಿಷವನ್ನು ಯಾರು ತಂದುಕೊಡುತ್ತಾರೆ? ಆದರೆ ಆ ದಾರ ಇವರದೇ ಆಗಿದ್ದು, ಒಂದು ಗಂಟೆಗೂ ಮೀರಿ ತೋಳಿನ ಮೇಲಿದ್ದರೆ, ಲಕ್ಷ್ಮಿದೇವಿ ಚೆನ್ನಾಗಿ ಕಾಣುವುದೇ ಮೋಸ. ವಿಷ ಕೈಯಲ್ಲಿ ತಡೆದು ನಿಂತಿತ್ತು, ಗೇಟಿನಲ್ಲಿ ದಾರ ಬಿಚ್ಚಿದಾಗ ತೂಬು ಎತ್ತಿದ ಹಾಗೆ ಒಮ್ಮೆಲೇ ಮೈಗೆ ನುಗ್ಗಿದೆ. ಅರ್ಧ ಗಂಟೆಯೊಳಗೆ ನಾಲಿಗೆ ತೊದಲುತ್ತದೆ, ರೆಪ್ಪೆ ಬೀಳುತ್ತದೆ, ಎದೆ ಏಳುವುದು ನಿಲ್ಲುತ್ತದೆ. ಗಾಡಿ ಹತ್ತಿಸಿದರೆ ಅದು ಆಗುವುದು ನಡುದಾರಿಯಲ್ಲಿ.

ಹೊತ್ತನ್ನು ಬಾಯಿ ಬಿಡಿಸುವ ಈ ವಿದ್ಯೆಯನ್ನು ಚಿಕ್ಕಮಾದಮ್ಮ ಯಾವ ತರಬೇತಿಯಲ್ಲೂ ಕಲಿತದ್ದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ರಿಜಿಸ್ಟರಿನಲ್ಲಿ 17:40 ಎಂದು ಬರೆದದ್ದನ್ನು ನೋಡಿ, ಯಾರೋ ತಪ್ಪು ಬರೆದಿದ್ದಾರೆ ಎಂದು ಅಳಿಸಲು ಹೋಗಿದ್ದವರು ಇವರು. "ಅದಿನೇಳು ಗಂಟೆ ಅನ್ನೋದು ಎಲ್ಲಾದ್ರೂ ಉಂಟಾ ಸಾ? ನಮ್ ಗಡಿಯಾರದಲ್ಲಿ ಅನ್ನೆರಡಕ್ಕೆ ಮುಗೀತದೆ." ಆಗಿದ್ದ ಫಾರ್ಮಸಿಸ್ಟ್ ಒಬ್ಬರು ಹದಿನೇಳು ಅವರೆಕಾಳು ಎಣಿಸಿಟ್ಟು, ಹನ್ನೆರಡನ್ನು ತೆಗೆದು ಬಾಯಿಗೆ ಹಾಕಿಕೊಳ್ಳಲು ಹೇಳಿದರಂತೆ. ಉಳಿದದ್ದು ಐದು. ಒಂದು ವಾರ ಅವರೆಕಾಳು ತಿಂದೇ ದಿನದ ಇಪ್ಪತ್ತನಾಲ್ಕು ಗಂಟೆ ಕಲಿತದ್ದು.

ಗಡಿಯಾರದ ಲೆಕ್ಕ ಸುಲಭ. ಜನರ ಬಾಯಿಂದ ಬರುವ ಹೊತ್ತಿನ ಲೆಕ್ಕ ಕಷ್ಟ. ಇಲ್ಲಿ ಯಾರೂ ಗಂಟೆ ಹೇಳುವುದಿಲ್ಲ. ದನ ಬಿಡೋ ಹೊತ್ತು, ಡೈರಿ ಹೊತ್ತು, ಬೆಟ್ಟದ ಬಸ್ಸು ಹೋದ ಹೊತ್ತು, ಸೌದೆಯವರು ತಿರುಗೋ ಹೊತ್ತು ಅನ್ನುತ್ತಾರೆ. ಗಡಿಯ ಆಚೆಯಿಂದ ಬರುವವರು ಅದನ್ನೇ ತಮಿಳಿನಲ್ಲಿ ಹೇಳುತ್ತಾರೆ. ಚಿಕ್ಕಮಾದಮ್ಮನ ಹತ್ತಿರ ಹಳೆಯ ಲಸಿಕೆ ಪುಸ್ತಕವೊಂದಿದೆ. ಅದರ ಬೆನ್ನಿನ ಹಾಳೆಗಳಲ್ಲಿ ಈ ಹೊತ್ತುಗಳ ಮುಂದೆ ನಾಲ್ಕು ನಾಲ್ಕು ಅಂಕಿ ಬರೆದುಕೊಂಡಿದ್ದಾರೆ. ಕೋಳಿಯ ಎರಡನೇ ಕೂಗು 04:50. ಹಾಲು ಕರೆಯುವುದು 05:15. ಹಾಲಿನವರು ಡೈರಿಗೆ ಹೊರಡುವುದು 05:40. ಡೈರಿ 06:00ರಿಂದ 06:30. ದನ ಬಿಡುವುದು 09:30. ಚಳಿಗಾಲ ಬಂದರೆ ಹಳೆಯದನ್ನು ಹೊಡೆದು ಹಾಕಿ ಹೊಸದು ಬರೆಯುತ್ತಾರೆ, ಯಾಕೆಂದರೆ ದನ ಗಡಿಯಾರ ನೋಡುವುದಿಲ್ಲ, ಬಿಸಿಲು ನೋಡುತ್ತದೆ. ಎಷ್ಟೋ ಸಲ ಇವರೇ ಊರೂರಿಗೆ ಹೋಗಿ, ಹಟ್ಟಿಯ ಮುಂದೆ ಕಾದು ಕೂತು, ಹೊತ್ತು ಸರಿ ಮಾಡಿಕೊಂಡು ಬಂದದ್ದಿದೆ.

ಇಷ್ಟಿದ್ದೂ ಒಂದು ತಪ್ಪು ನಡೆದಿದೆ. ಅದನ್ನು ಅವರು ಮುಚ್ಚಿಡುವುದಿಲ್ಲ. ಆರು ವರ್ಷದ ಹಿಂದೆ ಒಂದು ಮನೆಯವರು ಮಗುವನ್ನು ನಾಟಿ ಮದ್ದಿಗೆ ಕರೆದುಕೊಂಡು ಹೋಗಿ ತಡವಾಗಿ ಬಂದರು. ಮಗು ಉಳಿಯಿತು. ಆದರೆ ಚಿಕ್ಕಮಾದಮ್ಮ ಎಲ್ಲರ ಮುಂದೆ ಬಾಯಿಗೆ ಬಂದ ಹಾಗೆ ಬೈದರು. ತಿಂಗಳೊಪ್ಪತ್ತಿನಲ್ಲಿ ಅದೇ ಮನೆಯ ಯಜಮಾನ ಮಾದಣ್ಣನಿಗೆ ಹಾವು ಕಚ್ಚಿತು. ಮನೆಯವರು ಈ ಸಲವೂ ಮೊದಲು ದಾರ ಕಟ್ಟಿಸಿದರು. ಆದರೆ ಬೈಗುಳಕ್ಕೆ ಹೆದರಿ ಗೇಟಿನಲ್ಲೇ ದಾರ ಬಿಚ್ಚಿ, "ಈಗ್ತಾನೇ" ಅಂದರು. ಮಾದಣ್ಣ ನಗುನಗುತ್ತಲೇ ಗಾಡಿ ಹತ್ತಿದರು. ಅಜ್ಜೀಪುರ ತಲುಪುವುದಕ್ಕೆ ಮುಂಚೆ ಉಸಿರು ನಿಂತಿತು.

"ಉಳ ಅಲ್ಲ ಸಾ ಅವ್ರ ಕೊಂದಿದ್ದು. ನನ್ ಬಾಯಿ," ಅನ್ನುವಾಗ ಚಿಕ್ಕಮಾದಮ್ಮನ ದನಿ ಗಟ್ಟಿಯಾಗಿಯೇ ಇರುತ್ತದೆ, ಕಣ್ಣು ಮಾತ್ರ ಬೇರೆ ಕಡೆ ಹೋಗುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಅವರು ಯಾರನ್ನೂ ಬೈದಿಲ್ಲ. ಮರದ ದಾರ ಬಿಚ್ಚಿಡುವ ಕೆಲಸ ಶುರುವಾದದ್ದೂ ಅಂದಿನಿಂದಲೇ.

ಆ ಮಂಗಳವಾರ, ಗಾಡಿಯ ಇಂಜಿನ್ ಓಡುತ್ತಿರುವಾಗ, ಚಿಕ್ಕಮಾದಮ್ಮ ಮಾದುವಿನ ರಟ್ಟೆ ಹಿಡಿದು ವರಾಂಡದ ಮೆಟ್ಟಿಲ ಮೇಲೆ ಕೂರಿಸಿ, ಅವನಿಗಿಂತ ಒಂದು ಮೆಟ್ಟಿಲು ಕೆಳಗೆ ತಾವು ಕೂರುತ್ತಾರೆ.

"ಮಾದು, ಹಾಲು ಕರ್ದಿದ್ರಾ?"

"ಎಲ್ಲಿ ಕರ್ಯೋದವ್ವ? ಹಸೂಗೆ ಹುಲ್ಲು ಆಕುವಾ ಅಂತ ಮೆದೇಗೆ ಕೈ ಇಕ್ಕುದ್ಲು, ಅಷ್ಟೇಯ."

ಅಂದವನೇ ನಾಲಿಗೆ ಕಚ್ಚಿಕೊಳ್ಳುತ್ತಾನೆ. ಆರೂವರೆಗೆ ಈ ಸೀಮೆಯ ಹಾಲೆಲ್ಲ ಡೈರಿ ಸೇರಿ ಕ್ಯಾನಿನ ಮುಚ್ಚಳ ಬಿದ್ದಿರುತ್ತದೆ. ಹಾಲು ಕರೆಯುವ ಮುಂಚೆ ಮುಟ್ಟಿದ್ದರೆ ಐದೂಕಾಲಿಗೆ ಮುಂಚೆಯೇ ಮುಟ್ಟಿರಬೇಕು. ಚಿಕ್ಕಮಾದಮ್ಮ ಅದನ್ನು ಎತ್ತಿ ಆಡುವುದಿಲ್ಲ. ಗೆದ್ದೆ ಎಂಬಂತೆ ಮುಖವನ್ನೂ ಮಾಡುವುದಿಲ್ಲ.

"ನೋಡ್ ಮಗ, ನಾನು ಬಯ್ಯಕ್ಕಿಲ್ಲ. ಮದ್ದು ಕಟ್ಟಿದೋರ್ನೂವೆ ಬಯ್ಯಕ್ಕಿಲ್ಲ. ನೀನು ಓಗಿದ್ದು ತಪ್ಪು ಅಂತ ನಾನು ಯೋಳ್ತಾ ಇಲ್ಲ, ಎಡ್ತಿ ಉಳೀಲಿ ಅಂತ ತಾನೇ ಓಗಿದ್ದು? ಮಾದಣ್ಣನ ಮನೇವ್ರು ನನ್ ಬಾಯ್ಗೆ ಎದ್ರಿ ಒತ್ತ ಮುಚ್ಚಿಟ್ರು. ಅವ್ರ ನಾನೇ ಗಾಡಿ ಅತ್ತಿಸ್ದೆ. ಇನ್ನೊಬ್ರ ನಾನು ಅಂಗೆ ಅತ್ತಿಸಾಕಿಲ್ಲ ಕಣಪ್ಪ. ನಂಗೆ ಒತ್ತು ಒಂದೇ ಬೇಕು."

ಮಾದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಾನೆ. ಅಳುವಿನ ನಡುವೆಯೇ ನಿಜ ಹೊರಗೆ ಬರುತ್ತದೆ. "ಕೋಳಿ ಎರಡ್ನೇ ಸಲ ಕೂಗಿತ್ತು ಕಣವ್ವ. ಕೆಂಚಯ್ಯನೋರ ತಾವ್ಕೆ ಓದ್ವಿ. ಅಲ್ಲಿ ದಾರ ಕಟ್ಟೊತ್ಗೆ ಹಾಲಿನೋರು ಓಯ್ತಾ ಇದ್ರು. ಒಂದೊತ್ತು ಅಲ್ಲೇ ಕುಂಡ್ರಿಸ್ಕಂಡ್ರು. ಕೈ ಜೋಮು ಅಂತ ಇವ್ಳು ಅಳಾಕ್ ಶುರು ಮಾಡುದ್ಲು, ಅದ್ಕೇ ಇಲ್ಲಿಗ್ ತಂದೆ. ದಾರ ಈಗ ಗೇಟ್ನಲ್ಲಿ ಬಿಚ್ಚುದ್ದು."

ಚಿಕ್ಕಮಾದಮ್ಮ ಎದ್ದು ಒಳಗೆ ಹೋಗಿ ಡಾಕ್ಟರ ಮುಂದೆ ನಿಲ್ಲುತ್ತಾರೆ. ಹೇಳುವುದು ಮೂರೇ ಮಾತು. "ಮುಟ್ಟಿದ್ದು ಸೊನ್ನೆ ನಾಲ್ಕು ಐವತ್ತು. ದಾರ ಕಟ್ಟಿದ್ದು ಸೊನ್ನೆ ಐದು ನಲವತ್ತು. ಬಿಚ್ಚಿದ್ದು ಸೊನ್ನೆ ಆರು ಐವತ್ತೆರಡು."

ಶೃತಿ ಬಾಗಿಲಿಗೆ ಬರುತ್ತಾರೆ. ಹೊರಗೆ ಕೂಗುತ್ತಾರೆ, "ಪ್ರಸಾದ್, ಇಂಜಿನ್ ಆಫ್ ಮಾಡಿ!"

ಇನ್ನು ನಡೆಯುವುದು ಕಾಯುವ ಕೆಲಸ. ವಿಷ ಉಸಿರಿನ ಮೇಲೆ ಕೈ ಹಾಕಿದೆಯೋ ಇಲ್ಲವೋ ತಿಳಿಯಲು ಒಂದು ಬಡವರ ಪರೀಕ್ಷೆ ಇದೆ. ಒಂದೇ ಉಸಿರಿಗೆ ಒಂದರಿಂದ ಎಷ್ಟರವರೆಗೆ ಎಣಿಸಬಲ್ಲರು ಎಂದು ನೋಡುವುದು. ಮದ್ದಿನ ಹತ್ತೂ ಸೀಸೆ ಮೇಜಿನ ಮೇಲೆ ಸಾಲಾಗಿ ನಿಲ್ಲುತ್ತವೆ. ಕೈಯಿಂದ ಒತ್ತಿ ಉಸಿರು ಕೊಡುವ ರಬ್ಬರಿನ ಚೀಲ ಹಾಸಿಗೆಯ ತಲೆದಿಂಬಿನ ಪಕ್ಕಕ್ಕೆ ಬರುತ್ತದೆ. ಲಕ್ಷ್ಮಿದೇವಿಗೆ ಇದ್ಯಾವುದೂ ಅರ್ಥವಾಗದೆ, ಕೂಸಿಗೆ ಹಾಲು ಕೊಡುವ ಹೊತ್ತಾಯಿತು, ಮನೆಗೆ ಕಳಿಸಿ ಅನ್ನುತ್ತಾಳೆ.

ಸೊನ್ನೆ ಏಳು ಸೊನ್ನೆ ನಾಲ್ಕಕ್ಕೆ ಅವಳು ಇಪ್ಪತ್ತಮೂರರವರೆಗೆ ಎಣಿಸುತ್ತಾಳೆ. ಸ್ಕೂಲಿನ ಮಗುವಿನ ಹಾಗೆ ನಾಚಿಕೊಂಡು ನಗುತ್ತಾಳೆ ಕೂಡ.

ಸೊನ್ನೆ ಏಳು ಹದಿನಾಲ್ಕಕ್ಕೆ ಹದಿನೇಳು. ರೆಪ್ಪೆಗಳು ನಿದ್ದೆಗೆಟ್ಟವರ ಹಾಗೆ ಜೋಲುತ್ತಿವೆ. ಲಕ್ಷಣ ಕಂಡದ್ದೇ ತಡ, ಡಾಕ್ಟರ್ ಮದ್ದು ಏರಿಸಲು ಶುರು ಮಾಡುತ್ತಾರೆ.

ಸೊನ್ನೆ ಏಳು ಇಪ್ಪತ್ತೆರಡಕ್ಕೆ ಹತ್ತು. ಬಾಯಲ್ಲಿ ಅನ್ನ ಇಟ್ಟುಕೊಂಡು ಮಾತಾಡಿದ ಹಾಗೆ ಅಂಕಿಗಳು ಹೊರಡುತ್ತವೆ. ಮೂವತ್ತೊಂದಕ್ಕೆ ಐದು. ಎಂಜಲು ಕಟವಾಯಿಯಿಂದ ಸೋರುತ್ತಿದೆ, ಒರೆಸಿಕೊಳ್ಳಲು ಕೈ ಏಳುತ್ತಿಲ್ಲ. ಸೊನ್ನೆ ಏಳು ಮೂವತ್ತೆಂಟಕ್ಕೆ ಎಣಿಸು ಮಗ ಎಂದು ಚಿಕ್ಕಮಾದಮ್ಮ ಕೇಳಿದಾಗ ತುಟಿ ಮಾತ್ರ ಅಲುಗುತ್ತದೆ. ದನಿ ಇಲ್ಲ.

ಬೈಕ್ ಬಂದಾಗಲೇ ಹೊರಟಿದ್ದರೆ ಗಾಡಿ ಈಗ ಎಲ್ಲಿರುತ್ತಿತ್ತು ಎಂದು ಬಾಗಿಲಲ್ಲಿ ನಿಂತ ಮಹದೇವಪ್ರಸಾದ್ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ. ಹನ್ನೊಂದು ವರ್ಷ ಆ ದಾರಿಯಲ್ಲಿ ಗಾಡಿ ಓಡಿಸಿದವರು. ಆಮೇಲೆ ಆ ದಿನದ ಬಗ್ಗೆ ಕೇಳಿದಾಗ, "ಅಜ್ಜೀಪುರ ಸಿಗ್ತಿರ್ಲಿಲ್ಲ ಸಾ," ಎಂದಷ್ಟೇ ಹೇಳುತ್ತಾರೆ.

ಡಾಕ್ಟರ್ ಶೃತಿ ರಬ್ಬರ್ ಚೀಲ ಒತ್ತುತ್ತಾರೆ. ನರಕ್ಕೆ ಇನ್ನೊಂದು ಇಂಜೆಕ್ಷನ್ ಕೊಡಬೇಕಾದಾಗ ಚೀಲ ಚಿಕ್ಕಮಾದಮ್ಮನ ಕೈಗೆ ಬರುತ್ತದೆ. ಒತ್ತು, ಬಿಡು. ಒತ್ತು, ಬಿಡು. ಇನ್ನೊಬ್ಬರ ಉಸಿರು ತಮ್ಮ ಅಂಗೈಯಲ್ಲಿದೆ ಎಂದು ಅವರಿಗೆ ಗೊತ್ತು. ಹಿಟ್ಟು ತೊಳಸಿ ಗಟ್ಟಿಯಾದ ಕೈಗಳೂ ಹತ್ತು ನಿಮಿಷಕ್ಕೆ ದಣಿಯುತ್ತವೆ. ಆದರೂ ಐದು ನಿಮಿಷಕ್ಕೊಮ್ಮೆ ಗಡಿಯಾರ ನೋಡಿ ಹೊತ್ತು ಹೇಳುವುದನ್ನು ನಿಲ್ಲಿಸುವುದಿಲ್ಲ. ಮಾದು ಮೂಲೆಯಲ್ಲಿ ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದಾನೆ, ಪ್ರತಿ ಸಲ ಹೊತ್ತು ಕೇಳಿದಾಗ ಬೆನ್ನು ಸೆಟೆಯುತ್ತದೆ. ಬೆಟ್ಟದ ದೇವರು ಮಾದಪ್ಪನ ಹೆಸರನ್ನು ಅವನು ಎಷ್ಟು ಸಲ ಕರೆದನೋ ಲೆಕ್ಕ ಇಟ್ಟವರಿಲ್ಲ.

ಸೊನ್ನೆ ಎಂಟು ಹದಿನೈದಕ್ಕೆ, ಎರಡು ಒತ್ತಿನ ನಡುವೆ, ಲಕ್ಷ್ಮಿದೇವಿಯ ಎದೆ ತಾನಾಗಿ ಒಮ್ಮೆ ಏಳುತ್ತದೆ. ಡಾಕ್ಟರೂ, ಚಿಕ್ಕಮಾದಮ್ಮನೂ, ಬಾಗಿಲಲ್ಲಿ ನಿಂತ ಮಹದೇವಪ್ರಸಾದರೂ ಅದನ್ನು ನೋಡುತ್ತಾರೆ. ನಾಲ್ಕು ನಿಮಿಷ ಬಿಟ್ಟು ಮತ್ತೆ ಏಳುತ್ತದೆ, ಆಮೇಲೆ ಮತ್ತೆ. ಸೊನ್ನೆ ಎಂಟು ಮೂವತ್ತಕ್ಕೆ ಡಾಕ್ಟರ್ ಚೀಲ ಪಕ್ಕಕ್ಕಿಟ್ಟು ಕಿವಿ ಬಾಗಿಸುತ್ತಾರೆ. ಸೊನ್ನೆ ಎಂಟು ನಲವತ್ತಕ್ಕೆ ಅವಳು ಮೂರರವರೆಗೆ ಎಣಿಸುತ್ತಾಳೆ. ಒಂಬತ್ತು ಗಂಟೆ ದಾಟುವಾಗ ಒಂಬತ್ತು, ಸೊನ್ನೆ ಒಂಬತ್ತು ಇಪ್ಪತ್ತಕ್ಕೆ ಹದಿನಾಲ್ಕು. ಆಗ ಡಾಕ್ಟರೇ ಜೊತೆಗೆ ಕೂತು ಗಾಡಿ ಹೊರಡಿಸುತ್ತಾರೆ.

ಗಾಡಿ ಹೋದ ಮೇಲೆ ಚಿಕ್ಕಮಾದಮ್ಮ ನೆಲ ಒರೆಸುತ್ತಾರೆ. ಆ ದಿನದ ಬೇರೆ ರೋಗಿಗಳಿಗೆ ಚೀಟಿ ಬರೆದುಕೊಡುತ್ತಾರೆ. ತಿಂಡಿಯ ಡಬ್ಬಿ ಹಾಗೇ ಇರುತ್ತದೆ. ಹನ್ನೊಂದು ಹತ್ತಕ್ಕೆ ಕೊಳ್ಳೇಗಾಲದಿಂದ ಡಾಕ್ಟರ ಫೋನು. ಕ್ಷೇಮ ಸಮಾಚಾರ ಏನೂ ಇಲ್ಲ, ನೇರ ಅಂಕಿ: "ಇಪ್ಪತ್ತೆರಡು ಎಣಿಸಿದ್ಲು, ಚಿಕ್ಕಮಾದಮ್ಮ." ಆಗ ಮಾತ್ರ ಇವರು ಔಷಧಿ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಸೆರಗಿನಲ್ಲಿ ಮುಖ ಮುಚ್ಚಿ ಅತ್ತದ್ದು. ಆರು ದಿನಕ್ಕೆ ಲಕ್ಷ್ಮಿದೇವಿ ಮನೆಗೆ ಬಂದಳು.

ಇಷ್ಟಕ್ಕೇ ಮುಗಿದಿದ್ದರೆ ಇದೊಂದು ಒಳ್ಳೆಯ ಸುದ್ದಿ, ಅಷ್ಟೇ. ಆದರೆ ಚಿಕ್ಕಮಾದಮ್ಮನಿಗೆ ಸಮಾಧಾನವಿಲ್ಲ. ಇವತ್ತು ಮಾದು ಬಾಯಿ ಬಿಟ್ಟ, ನಾಳೆ ಬರುವವರು ಬಿಡದಿದ್ದರೆ? ಆ ಭಾನುವಾರ ರಜೆ ತೆಗೆದುಕೊಂಡು ಮೂರು ಮೈಲಿ ನಡೆದು ಕೆಂಚಯ್ಯನವರ ಮನೆಗೆ ಹೋಗುತ್ತಾರೆ. ಕೆಂಚಯ್ಯನವರಿಗೆ ಎಪ್ಪತ್ತು ದಾಟಿದೆ. ಮೂರು ತಲೆಮಾರಿನಿಂದ ಮದ್ದು ಕೊಡುವ ಮನೆ. ಬಿಡಿಗಾಸು ಮುಟ್ಟುವುದಿಲ್ಲ, ಬಂದವರಿಗೆ ಕಾಫಿಯನ್ನೂ ಕೊಟ್ಟು ಕಳಿಸುತ್ತಾರೆ. ಆಸ್ಪತ್ರೆಯವರು ಮನೆ ಬಾಗಿಲಿಗೆ ಬಂದದ್ದು ಕಂಡು ಅವರ ಹುಬ್ಬು ಗಂಟಿಕ್ಕುತ್ತದೆ.

"ಜಗಳಕ್ಕೆ ಬಂದ್ಯಾ ತಾಯಿ?"

"ಇಲ್ಲ ಕಣಣ್ಣ. ಕೇಳ್ಕಳಾಕ್ ಬಂದೆ. ನಿಮ್ಮನೇಗ್ ಜನ ಬರಾದ ನಾನು ನಿಲ್ಸಾಕ್ ಆಯ್ತದಾ? ನೀವು ಮುಟ್ಟಿದ್ರೆ ಅವ್ರಿಗೊಂದು ಧೈರ್ಯ. ಆದ್ರೆ ಆ ದಾರ ಮಾತ್ರ ಬ್ಯಾಡ. ಬಂದೋರ್ನ ನಿಲ್ಲಿಸ್ಕಬ್ಯಾಡಿ, ನಮ್ ತಾವ್ಕೆ ಕಳಿಸ್ಬುಡಿ. ಕಳ್ಸುವಾಗ ಒತ್ತು ಯೋಳಿ."

ಕೆಂಚಯ್ಯ ಜಗುಲಿಯ ಮೇಲೆ ಕೂರುತ್ತಾರೆ. ಲಕ್ಷ್ಮಿದೇವಿಯ ಸುದ್ದಿ ಅವರ ಕಿವಿಗೂ ಬಿದ್ದಿದೆ. "ನಮ್ಮಪ್ಪ ಕಟ್ತಿದ್ರು, ನಾನೂ ಕಟ್ಟುದೆ. ಒತ್ತು ಗಿತ್ತು ನಂಗೇನ್ ತಿಳೀತದೆ? ಗಡಿಯಾರ ನೋಡಾಕ್ ಬರಕ್ಕಿಲ್ಲ," ಅನ್ನುತ್ತಾರೆ. ಚಿಕ್ಕಮಾದಮ್ಮ ಅವರ ಬಟನ್ ಫೋನು ಇಸಿದುಕೊಂಡು, ಗಡಿಯಾರವನ್ನು ಇಪ್ಪತ್ತನಾಲ್ಕು ಗಂಟೆಗೆ ಬದಲಿಸಿ, ಪರದೆಯ ಮೇಲಿನ ನಾಲ್ಕು ಅಂಕಿ ತೋರಿಸುತ್ತಾರೆ. ಕೂಡುವುದು ಬೇಡ, ಕಳೆಯುವುದು ಬೇಡ, ಕಂಡದ್ದನ್ನು ಕಂಡ ಹಾಗೆ ಓದಿದರೆ ಸಾಕು. ಆಸ್ಪತ್ರೆಯ ನಂಬರನ್ನೂ ಹಾಕಿ ಕೊಡುತ್ತಾರೆ. ಕೆಂಚಯ್ಯ ಆಗಲಿ ಎಂದೂ ಅನ್ನುವುದಿಲ್ಲ, ಆಗುವುದಿಲ್ಲ ಎಂದೂ ಅನ್ನುವುದಿಲ್ಲ. ಕಾಫಿ ಕೊಟ್ಟು ಕಳಿಸುತ್ತಾರೆ.

ಮೂರು ವಾರ ಏನೂ ಆಗುವುದಿಲ್ಲ. ಚಿಕ್ಕಮಾದಮ್ಮ ಎಂದಿನಂತೆ ಬೆಳಿಗ್ಗೆ ಆನೆ ಇಲ್ಲದ ದಾರಿ ನೋಡಿಕೊಂಡು ಎರಡು ಕಿಲೋಮೀಟರ್ ನಡೆದು ಬರುತ್ತಾರೆ, ಸಂಜೆ ನಡೆದು ಹೋಗುತ್ತಾರೆ. ಗುತ್ತಿಗೆ ಈ ವರ್ಷವೂ ಮುಂದುವರಿಯುತ್ತದೋ ಇಲ್ಲವೋ ಗೊತ್ತಿಲ್ಲ. ನಿಮಗೇನು ಆಗಬೇಕು ಎಂದು ಕೇಳಿದರೆ ಕಾಯಂ ಮಾಡಲಿ ಅನ್ನುವುದಿಲ್ಲ. ಈ ಸುತ್ತಿನ ಪ್ರತಿ ಡೈರಿಯ ಗೋಡೆಗೂ ದೂರಕ್ಕೆ ಕಾಣುವಂಥ ದಪ್ಪ ಅಂಕಿಯ ಒಂದು ಗಡಿಯಾರ ಹಾಕಿಸಿದರೆ ಚೆನ್ನಾಗಿತ್ತು ಅನ್ನುತ್ತಾರೆ.

ಹೋದ ಗುರುವಾರ ಸಂಜೆ ಆಸ್ಪತ್ರೆಯ ಫೋನು ಹೊಡೆದುಕೊಳ್ಳುತ್ತದೆ. ಚಿಕ್ಕಮಾದಮ್ಮ ಎತ್ತುತ್ತಾರೆ. ಆ ಕಡೆಯಿಂದ ಏದುಸಿರು, ಆಮೇಲೆ ಮುದಿ ದನಿ, ಒಂದೊಂದೇ ಅಂಕಿಯನ್ನು ಕಲ್ಲು ದಾಟಿದ ಹಾಗೆ ದಾಟುತ್ತದೆ.

"ನಾನು ಕೆಂಚಯ್ಯ ಕಣವ್ವ. ಒಬ್ರ ಕಳ್ಸಿವ್ನಿ, ಆಟೋದಲ್ಲಿ ಬತ್ತಾವ್ರೆ. ದಾರ ಕಟ್ಟಿಲ್ಲ. ಉಳ ಮುಟ್ಟಿದೇಟ್ಗೆ ನಂಗೆ ಫೋನ್ ಮಾಡುದ್ರು, ಆಗ ಅದಿನೇಳು... ಇಪ್ಪತ್ತು."

ಚಿಕ್ಕಮಾದಮ್ಮ ಬರೆದುಕೊಂಡು, ಡಾಕ್ಟರನ್ನು ಕೂಗಿ, ಹಾಸಿಗೆ ಸರಿ ಮಾಡಿ, ಆಟೋ ಬರುವ ಮೊದಲೇ ಹತ್ತೂ ಸೀಸೆಯನ್ನು ಮೇಜಿನ ಮೇಲೆ ಇಟ್ಟರು. ಬಂದ ಮನುಷ್ಯ ಎರಡೇ ದಿನಕ್ಕೆ ಎದ್ದು ಮನೆಗೆ ಹೋದ. ಇದನ್ನು ಹೇಳುವಾಗ ಅವರು ರಿಜಿಸ್ಟರ್ ತೆರೆದು ಆ ಸಾಲನ್ನು ತೋರಿಸುತ್ತಾರೆ, ಮುಚ್ಚುತ್ತಾರೆ, ಮತ್ತೆ ತೆರೆಯುತ್ತಾರೆ.

"ಅತ್ತೊಂಬತ್ತು ವರ್ಸದಿಂದ ಒತ್ತು ಕೇಳ್ಕಂಡೇ ಬಂದಿವ್ನಿ ಸಾ," ಅನ್ನುತ್ತಾರೆ. "ಇದ ನಾನು ಕೇಳ್ನೇ ಇಲ್ಲ. ಅವ್ರೇ ಯೋಳುದ್ರು."